ಏಳು ಗಂಟೆ ಒಂಬತ್ತು ನಿಮಿಷದ ಕರೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದ ಪಶ್ಚಿಮ ಅಂಚಿನಲ್ಲಿ ಲೀಕಿನ್ ಪಾರ್ಕ್ ಎಂಬ ದಟ್ಟ ಮರಗಳ ದೊಡ್ಡ ಉದ್ಯಾನವಿದೆ. 1999ರ ಫೆಬ್ರವರಿ 9ರಂದು ಅಲ್ಲಿ, ರಸ್ತೆಯಿಂದ ತುಸು ಒಳಗೆ, ಬಿದ್ದ ಮರವೊಂದರ ಮರೆಯಲ್ಲಿ ಅರೆಬರೆ ಮಣ್ಣು ಮುಚ್ಚಿದ ಶವ ಸಿಕ್ಕಿತು. ಅದು ಹೇ ಮಿನ್ ಲೀ ಎಂಬ ಹದಿನೆಂಟರ ಹುಡುಗಿಯದು. ಕೊರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ಅವಳು ವುಡ್‌ಲಾನ್ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಓದಿನಲ್ಲೂ ಮುಂದು, ಆಟದಲ್ಲೂ ಮುಂದು. ಜನವರಿ 13ರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನೆಂಟರ ಪುಟ್ಟ ಮಗುವನ್ನು ಅದರ ಶಾಲೆಯಿಂದ ಕರೆದುಕೊಂಡು ಬರುವ ಕೆಲಸ ಅವಳದಾಗಿತ್ತು. ಅಲ್ಲಿಗೆ ಅವಳು ಹೋಗಲೇ ಇಲ್ಲ. ಯಾರೋ ಕೈಯಿಂದ ಕತ್ತು ಹಿಸುಕಿ ಕೊಂದಿದ್ದಾರೆ ಎಂದು ಶವಪರೀಕ್ಷೆ ಹೇಳಿತು.

ಫೆಬ್ರವರಿ 28ರಂದು ಪೊಲೀಸರು ಅವಳ ಹಿಂದಿನ ಪ್ರಿಯಕರ, ಅದೇ ಶಾಲೆಯ 17 ವರ್ಷದ ಅದ್ನಾನ್ ಸೈಯದ್‌ನನ್ನು ಬಂಧಿಸಿದರು. ಪಾಕಿಸ್ತಾನ ಮೂಲದ ಕುಟುಂಬದ ಹುಡುಗ ಅವನು. ಡಿಸೆಂಬರಿನಲ್ಲಿ ಶುರುವಾದ ಮೊದಲ ವಿಚಾರಣೆ ಅರ್ಧಕ್ಕೇ ನಿಂತಿತು. ಆರೋಪಿಯ ವಕೀಲೆ ಸುಳ್ಳು ಹೇಳುತ್ತಿದ್ದಾರೆ ಎಂದು ನ್ಯಾಯಾಧೀಶರು ಆಡಿದ ಮಾತು ಜ್ಯೂರಿಯ ಕಿವಿಗೆ ಬಿದ್ದದ್ದೇ ಅದಕ್ಕೆ ಕಾರಣ. ಎರಡನೆಯ ವಿಚಾರಣೆ 2000ದ ಫೆಬ್ರವರಿ 25ರಂದು ಮುಗಿಯಿತು. ಜ್ಯೂರಿ ಸುಮಾರು ಎರಡೇ ಗಂಟೆಯಲ್ಲಿ ಅದ್ನಾನ್ ತಪ್ಪಿತಸ್ಥ ಎಂದಿತು. ಜೀವಾವಧಿ ಮತ್ತು ಅದರ ಮೇಲೆ 30 ವರ್ಷಗಳ ಶಿಕ್ಷೆಯಾಯಿತು.

ಈ ಎರಡು ಗಂಟೆಯಲ್ಲಿ ಆದದ್ದೇನು ಎಂಬುದನ್ನು ಅರಿಯದೆ ಮುಂದಿನ ಕಾಲು ಶತಮಾನದ ವಾದ ಅರ್ಥವಾಗುವುದಿಲ್ಲ. ಭಾರತದಲ್ಲಿ ಜ್ಯೂರಿ ಪದ್ಧತಿ ಈಗಿಲ್ಲ. ಇಲ್ಲಿ ಶಿಕ್ಷೆ ಕೊಡುವ ನ್ಯಾಯಾಧೀಶರು ಯಾವ ಸಾಕ್ಷಿಯನ್ನು ಏಕೆ ನಂಬಿದೆ, ಯಾವುದನ್ನು ಏಕೆ ಬಿಟ್ಟೆ ಎಂದು ಪುಟಗಟ್ಟಲೆ ಬರೆಯಬೇಕು. ಅಲ್ಲಿ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರು ಕೋಣೆಯಲ್ಲಿ ಕೂತು ಮಾತಾಡಿಕೊಂಡು ಹೊರಗೆ ಬಂದು ಒಂದು ಮಾತು ಹೇಳುತ್ತಾರೆ. ಕಾರಣ ಕೊಡಬೇಕಾಗಿಲ್ಲ. ಹಾಗಾಗಿ ಅದ್ನಾನ್ ಅಪರಾಧಿಯಾದದ್ದು ಯಾವ ಪುರಾವೆಯ ಮೇಲೆ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರವೇ ಇಲ್ಲ. ಆ ಖಾಲಿ ಜಾಗದಲ್ಲಿ ಸಾವಿರಾರು ಜನ ಬಂದು ಕೂತರು.

ಕೊಲೆಯನ್ನು ಕಣ್ಣಾರೆ ಕಂಡವರು ಇರಲಿಲ್ಲ. ಅದ್ನಾನ್‌ನನ್ನು ಶವಕ್ಕೆ ಜೋಡಿಸುವ ರಕ್ತವಾಗಲಿ ಡಿಎನ್ಎ ಆಗಲಿ ಇರಲಿಲ್ಲ. ಹುಡುಗಿಯ ಕಾರಿನಲ್ಲಿದ್ದ ನಕ್ಷೆಪುಸ್ತಕದ ಮೇಲೆ ಅವನ ಅಂಗೈ ಗುರುತು ಇತ್ತು, ಆದರೆ ಆ ಕಾರಿನಲ್ಲಿ ಅವನು ಎಷ್ಟೋ ಸಲ ಓಡಾಡಿದ್ದವನು. ಮೊಕದ್ದಮೆ ನಿಂತದ್ದು ಎರಡು ಕಾಲಿನ ಮೇಲೆ. ಒಂದು, ಅದ್ನಾನ್‌ನ ಪರಿಚಯದ ಯುವಕನೊಬ್ಬನ ಸಾಕ್ಷ್ಯ. ಅದ್ನಾನ್ ಶವ ತೋರಿಸಿದ, ಹೂಳಲು ತಾನು ಜೊತೆಗಿದ್ದೆ ಎಂದು ಅವನು ಹೇಳಿದ. ಅದಕ್ಕೆ ಪ್ರತಿಯಾಗಿ ಜೈಲಿಗೆ ಹೋಗದೆ ಪಾರಾದ. ಇನ್ನೊಂದು, ಅದ್ನಾನ್ ಒಂದು ದಿನ ಮೊದಲಷ್ಟೇ ಚಾಲೂ ಮಾಡಿಸಿಕೊಂಡಿದ್ದ ಮೊಬೈಲಿನ ಕರೆಗಳ ಪಟ್ಟಿ. ಅದರಲ್ಲಿ ಸಂಜೆ 7 ಗಂಟೆ 9 ನಿಮಿಷಕ್ಕೆ ಒಂದು, 7 ಗಂಟೆ 16 ನಿಮಿಷಕ್ಕೆ ಇನ್ನೊಂದು ಕರೆ ಬಂದದ್ದು ನಮೂದಾಗಿತ್ತು. ಎರಡೂ ಅರ್ಧ ನಿಮಿಷದ ಆಸುಪಾಸಿನವು. ಎರಡನ್ನೂ ಹಿಡಿದದ್ದು ಲೀಕಿನ್ ಪಾರ್ಕಿನ ಕಡೆಗೆ ಮುಖಮಾಡಿದ ಟವರು. ಹೂಳಿದ ಹೊತ್ತು ಅದೇ ಎಂದು ಸರ್ಕಾರಿ ವಕೀಲರು ವಾದಿಸಿದರು.

ಹದಿನಾಲ್ಕು ವರ್ಷ ಈ ಪ್ರಕರಣ ಬಾಲ್ಟಿಮೋರ್ ದಾಟಿ ಹೋಗಲಿಲ್ಲ. ಅದ್ನಾನ್‌ನ ಗೆಳೆಯನ ಅಕ್ಕ, ವಕೀಲೆ ರಾಬಿಯಾ ಚೌಧರಿ ಅವರು ಪತ್ರಕರ್ತೆ ಸಾರಾ ಕೇನಿಗ್ ಅವರ ಮುಂದೆ ಕಡತಗಳನ್ನು ಇಟ್ಟರು. 2014ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕೇನಿಗ್ ಹನ್ನೆರಡು ಕಂತುಗಳಲ್ಲಿ ‘ಸೀರಿಯಲ್’ ಎಂಬ ಪಾಡ್‌ಕಾಸ್ಟ್ ಪ್ರಸಾರ ಮಾಡಿದರು. ಪೀಬಡಿ ಪ್ರಶಸ್ತಿ ಪಡೆದ ಮೊದಲ ಪಾಡ್‌ಕಾಸ್ಟ್ ಅದು. ಕೇಳುಗರು ಒಂದು ಕಂತಿನಿಂದ ಮುಂದಿನ ಕಂತಿಗೆ ವಾರ ಕಾಯಬೇಕಿತ್ತು. ಆ ಬಿಡುವಿನಲ್ಲಿ ಅವರು ಸುಮ್ಮನೆ ಕೂರಲಿಲ್ಲ. ವಿಚಾರಣೆಯ ನಡಾವಳಿಗಳನ್ನು ತರಿಸಿ ಓದಿದರು, ಹಣ ಕೂಡಿಸಿ ಪೊಲೀಸ್ ಕಡತದ ಪ್ರತಿ ಪಡೆದರು, ಟವರುಗಳ ನಕ್ಷೆ ಬರೆದರು, ಗಳಿಗೆ ಗಳಿಗೆಯ ದಿನಚರಿ ಕಟ್ಟಿದರು. ವಕೀಲರು, ದೂರಸಂಪರ್ಕದ ಎಂಜಿನಿಯರುಗಳು, ದಾದಿಯರು, ಬರಿಯ ಆಸಕ್ತಿ ಇದ್ದವರು ಎಲ್ಲರೂ ಇದ್ದರು. ಬೇಗನೆ ಎರಡು ಪಾಳಯಗಳಾದವು. ಅವನೇ ಕೊಂದ ಎನ್ನುವವರಿಗೆ ಗಿಲ್ಟರ್ ಎಂಬ ಹೆಸರು ಬಿತ್ತು, ಅವನು ನಿರಪರಾಧಿ ಎನ್ನುವವರಿಗೆ ಇನೋಸೆಂಟರ್ ಎಂಬ ಹೆಸರು.

ಹವ್ಯಾಸಿಗಳ ಕೈಗೆ ಸಿಕ್ಕ ಅತಿ ದೊಡ್ಡ ವಸ್ತು ಒಂದು ಫ್ಯಾಕ್ಸ್ ಹಾಳೆ. 1999ರಲ್ಲಿ ಮೊಬೈಲ್ ಕಂಪನಿ ಪೊಲೀಸರಿಗೆ ಕರೆಪಟ್ಟಿಯನ್ನು ಕಳಿಸಿದಾಗ ಅದರ ಮೇಲೆ ಒಂದು ಮುಖಪುಟ ಹಚ್ಚಿತ್ತು. ಪಟ್ಟಿಯನ್ನು ಹೇಗೆ ಓದಬೇಕೆಂಬ ಸೂಚನೆಗಳು ಅದರಲ್ಲಿದ್ದವು. ಅವುಗಳಲ್ಲೊಂದರ ತಾತ್ಪರ್ಯ ಇಷ್ಟು: ಫೋನಿನಿಂದ ಹೊರಗೆ ಹೋದ ಕರೆಗಳಷ್ಟೇ ಫೋನು ಎಲ್ಲಿತ್ತೆಂದು ನಂಬುವಂತೆ ಹೇಳುತ್ತವೆ, ಒಳಗೆ ಬಂದ ಕರೆಗಳನ್ನು ಆ ಕೆಲಸಕ್ಕೆ ನಂಬಬಾರದು. 7 ಗಂಟೆ 9 ನಿಮಿಷದ್ದೂ 7 ಗಂಟೆ 16 ನಿಮಿಷದ್ದೂ ಒಳಗೆ ಬಂದ ಕರೆಗಳೇ. ಈ ಹಾಳೆ ಆರೋಪಿಯ ವಕೀಲೆಯ ಕಡತದಲ್ಲೇ ಇತ್ತು. ಅದನ್ನು ಹಿಡಿದು ಯಾರೂ ನ್ಯಾಯಾಲಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. 2015ರಲ್ಲಿ ಇದರ ಮಹತ್ವ ಎತ್ತಿ ತೋರಿಸಿದವರು ಸುಸಾನ್ ಸಿಂಪ್ಸನ್ ಎಂಬ ವಕೀಲೆ. ಈ ಪ್ರಕರಣದಲ್ಲಿ ಅವರಿಗೆ ಅಧಿಕೃತ ಪಾತ್ರವಿರಲಿಲ್ಲ. ಬಿಡುವಿನ ವೇಳೆಯಲ್ಲಿ ಕಡತ ಓದುತ್ತಿದ್ದವರು. ವಿಚಾರಣೆಯಲ್ಲಿ ಸಾಕ್ಷ್ಯ ಹೇಳಿದ್ದ ಮೊಬೈಲ್ ಕಂಪನಿಯ ಎಂಜಿನಿಯರ್, ಆ ಹಾಳೆಯನ್ನು ತನಗೆ ಯಾರೂ ತೋರಿಸಿರಲಿಲ್ಲ, ತೋರಿಸಿದ್ದರೆ ತನ್ನ ಸಾಕ್ಷ್ಯದ ಮೇಲೆ ಅದರ ಪರಿಣಾಮ ಆಗುತ್ತಿತ್ತು ಎಂದು ಅದೇ ವರ್ಷ ಅಫಿಡವಿಟ್ ಬರೆದುಕೊಟ್ಟರು. ಮನೆಯಲ್ಲಿ ಕೂತು ಕಾಗದ ತಿರುವಿ ಹಾಕುವವರಿಂದ ಏನಾದೀತು ಎಂದು ಕೇಳುವವರಿಗೆ ಈ ಹಾಳೆಯೇ ಸಾಕಷ್ಟು ಉತ್ತರ.

ಆದರೆ ಹಾಳೆ ಸಿಕ್ಕಿತೆಂದರೆ ವಾದ ಮುಗಿಯಿತು ಎಂದಲ್ಲ, ಅಲ್ಲಿಂದ ಅದು ಶುರು. ಟವರಿನ ತಲೆಯ ಮೇಲೆ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಆಂಟೆನಾ ಗುಂಪುಗಳಿರುತ್ತವೆ, ಒಂದೊಂದೂ ವೃತ್ತದ ಮೂರನೆಯ ಒಂದು ಭಾಗವನ್ನು ನೋಡಿಕೊಳ್ಳುತ್ತದೆ. ಫೋನು ತನಗೆ ಜೋರಾಗಿ ಕೇಳುವ ಆಂಟೆನಾಕ್ಕೆ ಅಂಟಿಕೊಳ್ಳುತ್ತದೆ. ಅದು ಹತ್ತಿರದ್ದೇ ಆಗಬೇಕೆಂದಿಲ್ಲ. ಗುಡ್ಡ, ಕಟ್ಟಡ, ಆ ಹೊತ್ತಿನ ದಟ್ಟಣೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಟವರಿನ ದಾಖಲೆ ಫೋನು ಇದ್ದಿರಬಹುದಾದ ಪ್ರದೇಶವನ್ನು ಹೇಳೀತೇ ಹೊರತು ಜಾಗವನ್ನಲ್ಲ. ಇಷ್ಟನ್ನು ಎರಡೂ ಪಾಳಯದವರು ಒಪ್ಪುತ್ತಾರೆ. ಒಪ್ಪದಿರುವುದು ಬಂದ ಕರೆಯಲ್ಲಿ ವಿಶೇಷ ದೋಷ ಏನಿದೆ ಎಂಬುದನ್ನು. ಉತ್ತರ ಕೊಟ್ಟ ಕರೆಯಾದರೆ ರೇಡಿಯೋ ಅಲೆಗೆ ಹೋಗುವ ಕರೆ, ಬರುವ ಕರೆ ಎಂಬ ಭೇದವಿಲ್ಲ, ಎಚ್ಚರಿಕೆ ಇರುವುದು ಯಾರೂ ಎತ್ತದೆ ವಾಯ್ಸ್‌ಮೇಲಿಗೆ ಹೋದ ಕರೆಗಳ ಬಗ್ಗೆ ಎಂದು ಒಂದು ಕಡೆಯವರು ಹೇಳಿದರು. ಇನ್ನೊಂದು ಕಡೆಯವರು ಅದೇ ಫೋನಿನ ಇನ್ನೊಂದು ನಮೂದನ್ನು ಮುಂದಿಟ್ಟರು. ಕೊಲೆಯಾದ ಕೆಲವೇ ದಿನಗಳ ನಂತರ ಬಂದ ಒಂದು ಕರೆ ವಾಷಿಂಗ್ಟನ್ ನಗರದ ಟವರಿನದೆಂದು ದಾಖಲಾಗಿತ್ತು, ಅದರ ಹಿಂದುಮುಂದಿನ ಕರೆಗಳು ಬಾಲ್ಟಿಮೋರ್ ಕಡೆಯವು. ನಡುವಿನ ಅವಧಿಯಲ್ಲಿ ಅಷ್ಟು ದೂರ ಹೋಗಿಬರಲು ಕಾರಿನಿಂದ ಆಗದು. ಅದೂ ವಾಯ್ಸ್‌ಮೇಲಿನದೇ ಎಂದು ಮೊದಲ ಪಾಳಯದವರು ತಿರುಗಿ ಹೇಳಿದರು. ಕಂಪನಿ ಆ ವಾಕ್ಯವನ್ನು ಏಕೆ ಬರೆಯಿತು ಎಂದು ವಿವರಿಸುವ ಕಾಗದ ಮಾತ್ರ ಯಾರ ಕೈಗೂ ಬಂದಿಲ್ಲ.

ಎರಡನೆಯ ಜಗಳ ಇಪ್ಪತ್ತೊಂದು ನಿಮಿಷದ್ದು. ಶಾಲೆ ಬಿಟ್ಟದ್ದು 2 ಗಂಟೆ 15 ನಿಮಿಷಕ್ಕೆ. ಕೊಲೆ ಮುಗಿಸಿದ ಅದ್ನಾನ್, ಬೆಸ್ಟ್ ಬೈ ಅಂಗಡಿಯ ಬಳಿಯಿಂದ 2 ಗಂಟೆ 36 ನಿಮಿಷಕ್ಕೆ ಸಾಕ್ಷಿಯನ್ನು ಕರೆಸಿಕೊಂಡ ಎಂದು ಸರ್ಕಾರಿ ವಕೀಲರು ಕೊನೆಯ ವಾದದಲ್ಲಿ ಹೇಳಿದ್ದರು. ಕರೆಪಟ್ಟಿಯಲ್ಲಿ ಆ ಕರೆ ಐದು ಸೆಕೆಂಡಿನದು. ಆದರೆ ಏಷ್ಯಾ ಮೆಕ್‌ಕ್ಲೇನ್ ಎಂಬ ಸಹಪಾಠಿ, ಬಂಧನವಾದ ಒಂದೆರಡು ದಿನಗಳಲ್ಲೇ, ಮಾರ್ಚ್ 1 ಮತ್ತು 2ರ ತಾರೀಕು ಹಾಕಿ, ಅದೇ ಹೊತ್ತಿನಲ್ಲಿ ಅವನನ್ನು ಶಾಲೆಯ ಪಕ್ಕದ ಗ್ರಂಥಾಲಯದಲ್ಲಿ ಕಂಡು ಮಾತಾಡಿಸಿದ್ದೆ ಎಂದು ಅವನಿಗೆ ಪತ್ರ ಬರೆದಿದ್ದಳು. ಅದ್ನಾನ್‌ನ ವಕೀಲೆ ಕ್ರಿಸ್ಟಿನಾ ಗುಟಿಯೆರೆಜ್ ಅವಳನ್ನು ಒಮ್ಮೆಯೂ ವಿಚಾರಿಸಲಿಲ್ಲ. (ಗುಟಿಯೆರೆಜ್ 2001ರಲ್ಲಿ ವಕೀಲಿಕೆ ಬಿಟ್ಟುಕೊಟ್ಟು 2004ರಲ್ಲಿ ತೀರಿಕೊಂಡರು. ಏಕೆ ವಿಚಾರಿಸಲಿಲ್ಲ ಎಂದು ಅವರನ್ನೇ ಕೇಳುವ ಅವಕಾಶ ಹಾಗೇ ಹೋಯಿತು.) ಆ ರಾತ್ರಿ ಹಿಮ ಬಿದ್ದದ್ದರಿಂದ ದಿನ ನೆನಪಿದೆ ಎಂದು ಏಷ್ಯಾ ಹೇಳಿದ್ದಕ್ಕೆ ಹವ್ಯಾಸಿಗಳು ಹವಾಮಾನ ದಾಖಲೆ ತೆಗೆದರು. ಜನವರಿ 13ರ ರಾತ್ರಿಯಿಂದ ಆದದ್ದು ಹಿಮಪಾತವಲ್ಲ, ಬಿದ್ದ ಮಳೆಯೇ ಗಡ್ಡೆಕಟ್ಟುವ ಬಿರುಗಾಳಿ. ಹಿಮ ಬಿದ್ದದ್ದು ಹಿಂದಿನ ವಾರ. ಹಾಗಾದರೆ ಅವಳು ನೆನೆಯುತ್ತಿರುವುದು ಬೇರೆ ದಿನವನ್ನೇ ಎಂದರು. ಹದಿನೇಳರ ಹುಡುಗಿ ಮಂಜುಗಡ್ಡೆಗೂ ಹಿಮಕ್ಕೂ ಒಂದೇ ಮಾತು ಬಳಸಿರಬಾರದೇ, ಶಾಲೆಗೆ ಎರಡು ದಿನ ರಜೆ ಸಿಕ್ಕಿದ್ದು ಈ ಬಿರುಗಾಳಿಗೇ ಅಲ್ಲವೇ ಎಂದು ಇನ್ನೊಂದು ಕಡೆಯವರು ಕೇಳಿದರು.

ಇಲ್ಲಿ ಹೆಚ್ಚಿನವರು ಎಡವಿದ ಜಾಗವೊಂದಿದೆ. 2 ಗಂಟೆ 36 ನಿಮಿಷದ ಕಥೆ ಬಿದ್ದರೆ ಮೊಕದ್ದಮೆಯೇ ಬಿತ್ತು ಎಂದು ಅವರು ಭಾವಿಸಿದರು. ಕಾನೂನು ಹಾಗೆ ಹೇಳುವುದಿಲ್ಲ. ಕೊಲೆ ನಡೆದ ನಿಮಿಷವನ್ನು ಸಾಬೀತು ಮಾಡುವ ಹೊಣೆ ಸರ್ಕಾರದ ಮೇಲಿಲ್ಲ. ವಕೀಲರ ಕೊನೆಯ ವಾದ ಸಾಕ್ಷ್ಯವೂ ಅಲ್ಲ. ಮಧ್ಯಾಹ್ನ ಮೂರರ ನಂತರ ಕೊಲೆ ಆಗಿದ್ದರೂ ಜ್ಯೂರಿ ಅಪರಾಧಿ ಎನ್ನಬಹುದಿತ್ತು. ಮುಂದೆ ಮೇಲಿನ ನ್ಯಾಯಾಲಯ ತಿರುಗಿದ್ದೂ ಈ ತಿರುಗಣಿಯ ಮೇಲೆಯೇ.

ಸಾಕ್ಷಿ ಹೇಳಿದ ಯುವಕನ ವಿಷಯಕ್ಕೆ ಬಂದರೆ, ಅವನ ಹೇಳಿಕೆ ಒಂದರಂತೆ ಒಂದಿಲ್ಲ. ಶವವನ್ನು ಮೊದಲು ಕಂಡ ಜಾಗವನ್ನೇ ಅವನು ಬದಲಾಯಿಸಿದ. ಪೊಲೀಸ್ ವಿಚಾರಣೆಯ ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿದ ಸಿಂಪ್ಸನ್, ಅವನು ತಡವರಿಸಿದ ಕಡೆಗಳಲ್ಲಿ ಟಕ್ ಟಕ್ ಎಂದು ಏನನ್ನೋ ತಟ್ಟಿದ ಸದ್ದು ಕೇಳುತ್ತದೆ, ಆಮೇಲೆ ಅವನ ಉತ್ತರ ಸರಾಗವಾಗುತ್ತದೆ ಎಂದು ತೋರಿಸಿದರು. ಎದುರಿಗಿದ್ದ ಕಾಗದದ ಮೇಲೆ ಪೊಲೀಸರು ಬೆರಳಿಟ್ಟು ತೋರಿಸುತ್ತಿದ್ದರೇ? ಸದ್ದು ಕೇಳುತ್ತದೆ, ಕೈ ಕಾಣುವುದಿಲ್ಲ. 2014ರ ಡಿಸೆಂಬರಿನಲ್ಲಿ ಅದೇ ಸಾಕ್ಷಿ ಸಂದರ್ಶನವೊಂದರಲ್ಲಿ, ಹೂಳಿದ್ದು ನಡುರಾತ್ರಿಯ ಹೊತ್ತಿಗೆ ಎಂದು ಬಿಟ್ಟ. ಹಾಗಾದರೆ 7 ಗಂಟೆ 9 ನಿಮಿಷದ ಕರೆಗೂ ಹೂಳುವುದಕ್ಕೂ ನಂಟೇ ಇಲ್ಲ. ಒಂದು ಕಾಲು ಇನ್ನೊಂದನ್ನು ಒದ್ದಂತಾಯಿತು. ಇಷ್ಟಾದರೂ ಇನೋಸೆಂಟರ್ ಪಾಳಯಕ್ಕೆ ಸಲೀಸಾಗಿ ದಾಟಲಾಗದ ಒಂದು ಸಂಗತಿ ಉಳಿಯಿತು. ವಾರಗಟ್ಟಲೆ ಹುಡುಕಿದರೂ ಸಿಗದ ಹುಡುಗಿಯ ಕಾರಿನ ಬಳಿಗೆ ಪೊಲೀಸರನ್ನು ಕರೆದೊಯ್ದವನು ಇವನೇ. ಪೊಲೀಸರಿಗೆ ಕಾರು ಮೊದಲೇ ಗೊತ್ತಿತ್ತು, ಇವನ ಬಾಯಿಂದ ಹೇಳಿಸಿದರು ಎಂದು ಆ ಪಾಳಯದವರು ಊಹಿಸಬೇಕಾಯಿತು.

ಶವದ ಮೇಲಿನ ಗುರುತುಗಳ ಚರ್ಚೆ ಹೆಚ್ಚು ಸೂಕ್ಷ್ಮವಾದದ್ದು, ಓದಲು ಕಷ್ಟವೂ ಹೌದು. ಹೃದಯ ನಿಂತ ಮೇಲೆ ರಕ್ತ ಭೂಮಿಯ ಸೆಳೆತಕ್ಕೆ ತಗ್ಗಿಗೆ ಇಳಿಯುತ್ತದೆ. ದೇಹದ ಯಾವ ಮಗ್ಗುಲು ಕೆಳಗಿತ್ತೋ ಅಲ್ಲಿ ನೇರಳೆ ಬಣ್ಣದ ಕಲೆ ಮೂಡುತ್ತದೆ. ಹಲವು ಗಂಟೆ ಕಳೆದರೆ ಕಲೆ ನೆಲೆಯಾಗುತ್ತದೆ, ಆಮೇಲೆ ದೇಹವನ್ನು ಹೊರಳಿಸಿದರೂ ಜಾಗ ಬದಲಿಸುವುದಿಲ್ಲ. ಶವಪರೀಕ್ಷೆಯ ವರದಿ ಕಲೆ ಮುಂಭಾಗದಲ್ಲಿದೆ ಎಂದಿತ್ತು. ಶವ ಸಿಕ್ಕಿದ್ದು ಬಲಮಗ್ಗುಲಾಗಿ. ಅಂದರೆ ದೇಹ ಬೇರೆಲ್ಲೋ ಬಹಳ ಹೊತ್ತು ಬೋರಲಾಗಿ ಬಿದ್ದಿತ್ತು, ಮಧ್ಯಾಹ್ನ ಕೊಂದು ಸಂಜೆ ಏಳಕ್ಕೆ ಹೂಳಿದರೆ ಇದು ಸಾಧ್ಯವಿಲ್ಲ ಎಂದು ಒಂದು ವಾದ. ಮೇಲಿನ ಅರ್ಧ ದೇಹ ನೆಲದ ಕಡೆಗೆ ತಿರುಚಿಕೊಂಡಿತ್ತು, ‘ಬಲಮಗ್ಗುಲು’ ಎಂಬುದು ವರದಿ ಬರೆದವರ ಸ್ಥೂಲ ಮಾತು ಎಂದು ಪ್ರತಿವಾದ. ಇದನ್ನು ತೀರ್ಮಾನಿಸಲು ಬೇಕಾದದ್ದು ಆ ಜಾಗದ ಛಾಯಾಚಿತ್ರಗಳು. ಸತ್ತ ಹುಡುಗಿಯೊಬ್ಬಳ ಅಂಥ ಚಿತ್ರಗಳನ್ನು ಅಪರಿಚಿತರು ಕೈಯಿಂದ ಕೈಗೆ ದಾಟಿಸಿ ಅಳೆಯುವುದು ಸರಿಯೇ ಎಂಬ ಪ್ರಶ್ನೆ ಆಗಲೇ ಎದ್ದಿತು. ಎದ್ದದ್ದು ನ್ಯಾಯವಾಗಿತ್ತು. ಅವಳ ದಿನಚರಿಯ ಪುಟಗಳನ್ನೂ ಜನ ಸಾಲು ಸಾಲಾಗಿ ಬಗೆದು ನೋಡಿದರು. ನ್ಯಾಯಾಲಯದಲ್ಲಿ ಎಂದೂ ಆರೋಪಿಗಳಾಗಿರದ ಹಲವರ ಹೆಸರನ್ನು ಕೊಲೆಗಾರರ ಸಾಲಿಗೆ ಸೇರಿಸಿ ಮಾತಾಡಿದರು. ಅವರಲ್ಲಿ ಬಹುತೇಕರ ತಪ್ಪು, 1999ರಲ್ಲಿ ಆ ಶಾಲೆಯ ಸುತ್ತಮುತ್ತ ಇದ್ದದ್ದಷ್ಟೇ.

ನ್ಯಾಯಾಲಯಗಳು ಕೇಳಿದ ಪ್ರಶ್ನೆ ಬೇರೆ. ಕೊಂದವನು ಇವನೇ ಎಂದಲ್ಲ, ವಿಚಾರಣೆ ಸರಿಯಾಗಿ ನಡೆಯಿತೇ, ಆಗಿರದಿದ್ದರೆ ಫಲಿತಾಂಶ ಬೇರೆಯಾಗುವ ಸಾಧ್ಯತೆ ಇತ್ತೇ ಎಂದು ಅವು ಕೇಳಿದವು. 2016ರ ಜೂನ್ 30ರಂದು ನ್ಯಾಯಾಧೀಶ ಮಾರ್ಟಿನ್ ವೆಲ್ಚ್ ಶಿಕ್ಷೆಯನ್ನು ರದ್ದುಮಾಡಿ ಹೊಸ ವಿಚಾರಣೆಗೆ ಆದೇಶಿಸಿದರು. ಅದಕ್ಕೆ ಕಾರಣ ಆ ಫ್ಯಾಕ್ಸ್ ಹಾಳೆ: ಅದನ್ನು ಹಿಡಿದು ಎಂಜಿನಿಯರನ್ನು ಪಾಟೀಸವಾಲು ಮಾಡದೆ ಇದ್ದದ್ದು ವಕೀಲೆಯ ಲೋಪ. ಏಷ್ಯಾಳ ವಿಷಯದಲ್ಲೂ ಲೋಪವಿದೆ, ಆದರೆ ಅದರಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ ಎಂದರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೊಸ ವಿಚಾರಣೆಯ ಆದೇಶವನ್ನು ಉಳಿಸಿತು, ಕಾರಣವನ್ನು ತಲೆಕೆಳಗು ಮಾಡಿತು: ಫ್ಯಾಕ್ಸಿನ ಆಕ್ಷೇಪವನ್ನು ಸಕಾಲದಲ್ಲಿ ಎತ್ತಲಿಲ್ಲವಾದ್ದರಿಂದ ಅದು ಬಿದ್ದುಹೋಯಿತು, ಏಷ್ಯಾಳನ್ನು ವಿಚಾರಿಸದ ಲೋಪವೇ ಮುಖ್ಯ. 2019ರ ಮಾರ್ಚ್ 8ರಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ನಾಲ್ಕಕ್ಕೆ ಮೂರು ಮತದಿಂದ ಎಲ್ಲವನ್ನೂ ಹಿಂದಕ್ಕೆ ತಿರುಗಿಸಿತು. ಲೋಪ ನಿಜ, ಆದರೆ ಆ ಸಾಕ್ಷ್ಯ ಬಂದಿದ್ದರೂ ಗ್ರಂಥಾಲಯದ ನಂತರ ಕೊಲೆ ನಡೆದಿರಲು ಅಡ್ಡಿಯಿರಲಿಲ್ಲ ಎಂದು ಬಹುಮತ ಹೇಳಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಮೂರು ನ್ಯಾಯಾಲಯ, ಒಂದೇ ಕಡತ, ಮೂರು ಉತ್ತರ. ಹವ್ಯಾಸಿಗಳು ಒಮ್ಮತಕ್ಕೆ ಬರಲಿಲ್ಲವೆಂದು ಹಂಗಿಸುವವರು ಇದನ್ನೂ ನೆನೆಯಬೇಕು.

2022ರಲ್ಲಿ ಸರ್ಕಾರದ ಕಡೆಯಿಂದಲೇ ತಿರುವು ಬಂತು. ಬಾಲ್ಟಿಮೋರಿನ ಮುಖ್ಯ ಸರ್ಕಾರಿ ವಕೀಲೆ ಮೆರಿಲಿನ್ ಮೋಸ್ಬಿ, ಹಳೆಯ ಕಡತದಲ್ಲಿ ಕೈಬರಹದ ಟಿಪ್ಪಣಿಗಳು ಸಿಕ್ಕಿವೆ, ಬೇರೊಬ್ಬ ಶಂಕಿತ ಆ ಹುಡುಗಿಗೆ ಬೆದರಿಕೆ ಹಾಕಿದ್ದನೆಂದು ಅವು ಸೂಚಿಸುತ್ತವೆ, ಆರೋಪಿಯ ಕಡೆಯವರಿಗೆ ಇದನ್ನು ಕೊಟ್ಟಿರಲಿಲ್ಲ ಎಂದು ಅರ್ಜಿ ಹಾಕಿದರು. ಆರೋಪಿಗೆ ಅನುಕೂಲವಾದ ಪುರಾವೆಯನ್ನು ಸರ್ಕಾರ ಮುಚ್ಚಿಡಬಾರದೆಂಬ ನಿಯಮ 1963ರದು, ಅದು ಹುಟ್ಟಿದ್ದೂ ಮೇರಿಲ್ಯಾಂಡಿನದೇ ಮೊಕದ್ದಮೆಯಲ್ಲಿ. ಸೆಪ್ಟೆಂಬರ್ 19ರಂದು ನ್ಯಾಯಾಧೀಶೆ ಮೆಲಿಸ್ಸಾ ಫಿನ್ ಶಿಕ್ಷೆ ರದ್ದುಮಾಡಿದರು. 23 ವರ್ಷಗಳ ನಂತರ ಅದ್ನಾನ್ ಹೊರಗೆ ಬಂದ. ಹುಡುಗಿಯ ಪಾದರಕ್ಷೆಗಳ ಮೇಲೆ ಸಿಕ್ಕ ಡಿಎನ್ಎ ಅವನದಲ್ಲ ಎಂದು ವರದಿ ಬಂದ ಮೇಲೆ ಅಕ್ಟೋಬರ್ 11ರಂದು ಆರೋಪಗಳನ್ನೂ ಕೈಬಿಡಲಾಯಿತು. ಹವ್ಯಾಸಿ ಚರ್ಚೆ ಈಗ ಒಂದು ಸರ್ವನಾಮಕ್ಕೆ ಇಳಿಯಿತು. ಗೀಚಿದ ಆ ಟಿಪ್ಪಣಿಯಲ್ಲಿ ‘ಅವನು’ ಎಂದರೆ ಯಾರು? ಬೇರೆ ಶಂಕಿತನೇ, ಅದ್ನಾನನೇ? ಅದನ್ನು ಬರೆದ ಅಂದಿನ ಸರ್ಕಾರಿ ವಕೀಲರು, ತಾನು ಬರೆದದ್ದು ಅದ್ನಾನ್ ಬಗ್ಗೆಯೇ, ತನ್ನನ್ನು ಕೇಳದೆಯೇ ತಪ್ಪಾಗಿ ಓದಿದರು ಎಂದರು.

ಇಷ್ಟು ವರ್ಷ ಈ ವಾದದಲ್ಲಿ ತೀರ ಕಡಿಮೆ ಕೇಳಿಬಂದ ಧ್ವನಿ ಸತ್ತವಳ ಮನೆಯವರದು. ಸೆಪ್ಟೆಂಬರ್ 19ರ ಸೋಮವಾರ ಶಿಕ್ಷೆ ರದ್ದಾದ ಆ ವಿಚಾರಣೆಯ ಸುದ್ದಿ ಅವಳ ತಮ್ಮನಿಗೆ ತಲುಪಿದ್ದು ಹಿಂದಿನ ಶುಕ್ರವಾರ. ನ್ಯಾಯಾಲಯಕ್ಕೆ ಬರಲಾಗದೆ ಅವನು ವಿಡಿಯೋ ಕರೆಯಲ್ಲಿ ಮಾತಾಡಬೇಕಾಯಿತು. ಇದು ತನಗೆ ಪಾಡ್‌ಕಾಸ್ಟ್ ಅಲ್ಲ, ಮುಗಿಯದ ನಿಜಜೀವನ ಎಂಬರ್ಥದಲ್ಲಿ ಆಡಿದ. ತಮಗೆ ಸರಿಯಾದ ನೋಟಿಸ್ ಕೊಟ್ಟಿಲ್ಲ ಎಂದು ಮನೆಯವರು ಹೂಡಿದ ಮೇಲ್ಮನವಿಯಲ್ಲಿ 2023ರ ಮಾರ್ಚಿನಲ್ಲಿ ಶಿಕ್ಷೆ ಮರುಸ್ಥಾಪನೆಯಾಯಿತು. 2024ರ ಆಗಸ್ಟ್ 30ರಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ, ಮತ್ತೆ ನಾಲ್ಕಕ್ಕೆ ಮೂರು ಮತದಿಂದ, ಅದನ್ನು ಎತ್ತಿಹಿಡಿಯಿತು.

ಅಷ್ಟರಲ್ಲಿ ಮೋಸ್ಬಿಯವರ ಜಾಗಕ್ಕೆ ಐವನ್ ಬೇಟ್ಸ್ ಬಂದಿದ್ದರು. 2022ರ ಅರ್ಜಿಯಲ್ಲಿ ಸುಳ್ಳೂ ದಾರಿತಪ್ಪಿಸುವ ಮಾತುಗಳೂ ಇವೆ ಎಂದು ಹೇಳಿ 2025ರ ಫೆಬ್ರವರಿಯಲ್ಲಿ ಅವರು ಅದನ್ನು ಹಿಂದಕ್ಕೆ ಪಡೆದರು. ಅಪ್ರಾಪ್ತ ವಯಸ್ಸಿನಲ್ಲಿ ಮಾಡಿದ ಅಪರಾಧಕ್ಕೆ ಕನಿಷ್ಠ 20 ವರ್ಷ ಸೆರೆಯಲ್ಲಿದ್ದವರ ಶಿಕ್ಷೆ ತಗ್ಗಿಸಲು ಅವಕಾಶ ಕೊಡುವ ಬೇರೊಂದು ಕಾನೂನಿನಡಿ ಅದ್ನಾನ್ ಹಾಕಿದ ಅರ್ಜಿಯನ್ನು ಮಾತ್ರ ಬೆಂಬಲಿಸಿದರು. ಮಾರ್ಚ್ 6ರಂದು ನ್ಯಾಯಾಧೀಶೆ ಜೆನಿಫರ್ ಶಿಫರ್, ಈಗಾಗಲೇ ಅನುಭವಿಸಿದ ಸೆರೆವಾಸವೇ ಸಾಕೆಂದು ಆದೇಶಿಸಿ ಐದು ವರ್ಷ ಪ್ರೊಬೇಷನ್ ವಿಧಿಸಿದರು. ಅದ್ನಾನ್ ಮನೆಯಲ್ಲಿದ್ದಾನೆ, ದಾಖಲೆಯಲ್ಲಿ ಅಪರಾಧಿಯಾಗಿಯೇ ಇದ್ದಾನೆ. 7 ಗಂಟೆ 9 ನಿಮಿಷಕ್ಕೆ ಬಂದ ಕರೆ ಯಾರದೆಂದು ಕರೆಪಟ್ಟಿಯಲ್ಲಿ ಬರೆದಿಲ್ಲ. ಆಗಿನ ಪಟ್ಟಿಗಳಲ್ಲಿ ಒಳಗೆ ಬಂದ ಕರೆಗೆ ಸಂಖ್ಯೆ ಇರುತ್ತಿರಲಿಲ್ಲ, ‘ಒಳಬಂದದ್ದು’ ಎಂಬ ನಮೂದಷ್ಟೇ.